ಶಿವವ್ವ ಒಲೆ ಹೂಡಿದ ಪತ್ರಾ ಮನೆ

ಶಿವವ್ವನಂಥ ಹಟಮಾರಿಯನ್ನು ನಾನು ಬೇರೆ ಕಂಡಿಲ್ಲ. ಈ ಮಾತನ್ನು ಅವಳ ಎದುರಿಗೇ ಎಷ್ಟೋ ಸಲ ಆಡಿದ್ದೇನೆ, ಅವಳು ನಕ್ಕಿದ್ದಾಳೆ.

ಘಟಪ್ರಭೆಗೆ ಮಹಾಪೂರ ಬಂದ ವರ್ಷ, ಗೋಕಾಕದ ಹೊಳೆ ದಂಡೆಯ ನಮ್ಮ ಓಣಿಯಲ್ಲಿ ಮಣ್ಣಿನ ಗೋಡೆ ಒಂದೂ ನಿಲ್ಲಲಿಲ್ಲ. ಕೆಲವು ದಿನ ಶಾಲೆಯ ಕೋಣೆಗಳಲ್ಲಿ ಮಲಗಿದೆವು. ಆಮೇಲೆ ಸರಕಾರದವರು ಊರಾಚೆಯ ಮಡ್ಡಿಯ ದಿಬ್ಬದ ಮೇಲೆ ಸಾಲಾಗಿ ತಗಡಿನ ಶೆಡ್ಡು ಹಾಕಿ, ಹೊಸ ಮನೆ ಕಟ್ಟಿಕೊಡುವವರೆಗೆ ಇಲ್ಲಿರಿ ಎಂದರು. ನಾವು ಅವನ್ನು ಪತ್ರಾ ಮನೆ ಅನ್ನುತ್ತೇವೆ. ನಾನು ದಾಕ್ಷಾಯಿಣಿ, ಜಂಪರ್ ಹೊಲಿದು ಬದುಕುವ ಒಂಟಿ ಹೆಂಗಸು. ನನಗೆ ಸಿಕ್ಕದ್ದು ಹನ್ನೊಂದನೆಯದು. ಹನ್ನೆರಡನೆಯದು ಶಿವವ್ವನದು. ನಡುವೆ ಇರುವುದು ಒಂದೇ ತಗಡು. ಆಚೆ ಯಾರಾದರೂ ಮಗ್ಗಲು ಬದಲಿಸಿದರೆ ಈಚೆ ನನಗೆ ಎಚ್ಚರವಾಗುತ್ತಿತ್ತು.

ಅವಳ ಮನೆಯಲ್ಲಿ ಮೂವರು. ಅವಳು, ಹಮಾಲಿ ಮಾಡುವ ಗಂಡ ಸೋಮಪ್ಪ, ಶಾಲೆಯಲ್ಲಿ ಎರಡನೆಯ ಇಯತ್ತೆ ಓದುವ ಮಗಳು ವಿಜಯಶ್ರೀ. ನಾವೆಲ್ಲ ಶೆಡ್ಡಿಗೆ ಬಂದ ದಿನವೇ ಒಲೆ ಹೂಡಿ ಚಹಾ ಕಾಸಿದೆವು. ಶಿವವ್ವ ಮಾತ್ರ ಒಳಗೆ ಒಲೆ ಹೂಡಲಿಲ್ಲ. ಹೊರಗೆ ಜಾಲಿಗಿಡದ ಬುಡದಲ್ಲಿ ಮೂರು ಕಲ್ಲಿಟ್ಟು ರೊಟ್ಟಿ ಬಡಿಯುತ್ತಿದ್ದಳು. ಮಳೆ ಬಂದರೆ ಹಿಟ್ಟಿನ ಪರಾತ ಹಿಡಿದು ನನ್ನ ಒಲೆಗೆ ಬರುತ್ತಿದ್ದಳು. ಪ್ರವಾಹದಲ್ಲಿ ಉಳಿಸಿಕೊಂಡ ಅರಿವೆ, ಪಾತ್ರೆಗಳ ನಾಲ್ಕು ಗಂಟುಗಳನ್ನು ಗೋಡೆಗೆ ಆನಿಸಿ ಇಟ್ಟಿದ್ದಳು, ಬಿಚ್ಚಿರಲಿಲ್ಲ. ತಟ್ಟೆ ಬೇಕಾದರೆ ಗಂಟಿನೊಳಗೆ ಕೈ ತೂರಿಸಿ ತೆಗೆಯುವುದು, ಉಂಡ ಮೇಲೆ ತೊಳೆದು ಮತ್ತೆ ತೂರಿಸುವುದು. ಹೀಗೆ ಹದಿನಾಲ್ಕು ತಿಂಗಳು.

ಯಾಕೆಂದು ಕೇಳಿದರೆ ಅವಳಲ್ಲಿ ಉತ್ತರ ತಯಾರಿತ್ತು. ನಮ್ಮ ಕಡೆ ಯಾವುದೇ ಮನೆಗೆ ಹೋದರೂ ಮೊದಲು ಒಲೆಗೆ ವಿಭೂತಿ ಹಚ್ಚಿ ಹಾಲು ಉಕ್ಕಿಸಬೇಕು, ಆಮೇಲೆ ಉಳಿದ ಅಡುಗೆ. ಹಾಲು ಉಕ್ಕಿತೆಂದರೆ ಅದು ನಿಮ್ಮ ಮನೆ. ಶಿವವ್ವನ ಹೆದರಿಕೆ ಇದ್ದದ್ದೇ ಅಲ್ಲಿ.

"ಇಲ್ಲಿ ಹಾಲ ಉಕ್ಕಿಸಿದ್ರ ಇದ ನಮ್ಮ ಮನಿ ಆಗ್ತೈತ್ರಿ ಅಕ್ಕಾರ. ಮನಿ ಇದ್ದವ್ರಿಗೆ ಮತ್ತೊಂದ ಮನಿ ಯಾರ ಕೊಡ್ತಾರ?"

ಹುಚ್ಚು ಮಾತು ಎಂದು ನಾನು ನಕ್ಕೆ. ಆದರೆ ಆ ಹುಚ್ಚಿನ ಫಲವನ್ನು ದಿನಾ ನೋಡುತ್ತಿದ್ದವಳೂ ನಾನೇ. ಸೋಮಪ್ಪ ಹಮಾಲಿಗೆ ಮೂಡಲಗಿಗೆ ಹೋಗಲು ಶುರು ಮಾಡಿದ. ಅಲ್ಲಿಂದ ಕಲ್ಲೋಳಿಯಲ್ಲಿರುವ ಅಕ್ಕನ ಮನೆ ಹತ್ತಿರ. ಮೊದಲು ವಾರಕ್ಕೆರಡು ರಾತ್ರಿ ಅಲ್ಲಿ ಉಳಿದ, ಆಮೇಲೆ ನಾಲ್ಕು, ಕೊನೆಗೆ ರವಿವಾರ ಮಾತ್ರ ಇಲ್ಲಿಗೆ ಬಂದು ಹೋಗುವ ನೆಂಟನಾದ. ನನಗೆ ಅವನ ಮೇಲೆ ಸಿಟ್ಟೇನೋ ಬರುತ್ತಿತ್ತು. ಆದರೆ ದಿನವಿಡೀ ಚೀಲ ಹೊತ್ತವನು ಗಂಟುಗಳ ನಡುವೆ ಕಾಲು ಮಡಚಿ ಎಷ್ಟು ದಿನ ಮಲಗಿಯಾನು?

ಹೊಸ ಮನೆಗಳ ಪಟ್ಟಿ ಕೊನೆಯ ಹಂತಕ್ಕೆ ಬಂದಾಗ, ಶೆಡ್ಡುಗಳಲ್ಲಿ ಯಾರು ನಿಜವಾಗಿ ಇದ್ದಾರೆಂದು ನೋಡಲು ಊರಿನ ಲೆಕ್ಕ ಬರೆಯುವ ತಲಾಠಿ ಬಂದಳು. ಶೋಭಾ ಎಂದು ಹೆಸರು, ಹುಕ್ಕೇರಿ ತಾಲೂಕಿನವಳು. ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಓದಿ ಈ ನೌಕರಿಗೆ ಬಂದವಳು, ಎಲ್ಲವನ್ನೂ ಕಣ್ಣಾರೆ ಕಂಡೇ ಬರೆಯುವವರ ಪೈಕಿ. ಅಂದು ಶಿವವ್ವ ಕಬ್ಬಿನ ಕಳೆ ತೆಗೆಯಲು ಹೋಗಿದ್ದಳು. ಹುಡುಗಿ ಶಾಲೆಯಲ್ಲಿ. ನಾನು ಲೈನಿಂಗ್ ಬಟ್ಟೆ ತರಲು ಮೂಡಲಗಿಗೆ ಹೋಗಿದ್ದೆ. ಇದ್ದಿದ್ದರೆ ನನ್ನ ಬಾಯಿ ಸುಮ್ಮನಿರುತ್ತಿರಲಿಲ್ಲ. ಶೋಭಾ ಚಿಲಕ ತೆಗೆದು ನೋಡಿದಳು. ಒಲೆಯಿಲ್ಲ, ಮಸಿಯಿಲ್ಲ, ಗೋಡೆಗೆ ಒಂದು ಮೊಳೆಯಿಲ್ಲ, ನಾಲ್ಕು ಗಂಟು ಕೂತಿವೆ. ಹನ್ನೆರಡನೆಯದರ ಮುಂದೆ 'ವಾಸವಿಲ್ಲ' ಎಂದು ಬರೆದುಕೊಂಡು ಹೋದಳು. ಅವಳದೇನೂ ತಪ್ಪಿಲ್ಲ, ನಾನಾದರೂ ಹಾಗೇ ಬರೆಯುತ್ತಿದ್ದೆ.

ವಾಸವಿಲ್ಲ ಎಂದಾದರೆ ಶೆಡ್ಡು ಹೋಗುತ್ತದೆ, ಅದರ ಹಿಂದೆಯೇ ಹೊಸ ಮನೆಯ ಪಟ್ಟಿಯಿಂದ ಹೆಸರೂ ಹೋಗುತ್ತದೆ. ಶಿವವ್ವ ನೋಟೀಸು ಹಿಡಿದು ನನ್ನ ಮಿಷನ್ನಿನ ಮುಂದೆ ನಿಂತಳು. ತಕರಾರು ಇದ್ದರೆ ಮುಂದಿನ ಗುರುವಾರ ಮತ್ತೊಮ್ಮೆ ಬಂದು ನೋಡುತ್ತೇವೆ ಎಂದು ಅದರಲ್ಲಿ ಬರೆದಿತ್ತು. ಸೋಮಪ್ಪನಿಗೆ ಫೋನು ಹಚ್ಚಿದರೆ, ಹೋದರೆ ಹೋಗಲಿ, ಅದೇನು ಮನೆಯೇ ಎಂದು ಇಟ್ಟುಬಿಟ್ಟ.

ನಾನು ಬಾಯಿಗೆ ಬಂದಂತೆ ಬೈದೆ. ಒಲೆ ಹೂಡು ಎಂದೆ. ಅವಳು ಆಗಲೂ ತಲೆ ಆಡಿಸಿದಳು. ಇಷ್ಟು ದಿನ ಕಾದು ಈಗ ಕೈಬಿಟ್ಟರೆ ಕಾದದ್ದೆಲ್ಲ ದಂಡ ಅಂತೆ. ಆಗ, ಹೇಳಬಾರದೆಂದು ಇಟ್ಟುಕೊಂಡಿದ್ದ ಒಂದು ಮಾತನ್ನು ಹೇಳಿಬಿಟ್ಟೆ.

"ನಿನ್ನ ಮಗಳು ನನ್ನ ಕಡೆ ಆಡಾಕ ಬರ್ತಾಳಲ್ಲ, ಹೋಗುಮುಂದ ಏನ ಅಂತಾಳ ಗೊತ್ತೈತೇನು? ಮನಿಗೆ ಹೋಗ್ತೇನಿ ಅನ್ನೂದಿಲ್ಲ. ಗಂಟಿನ ಹತ್ರ ಹೋಗ್ತೇನಿ ಅಂತಾಳ."

ಶಿವವ್ವ ನೆಲದ ಮೇಲೆ ಕೂತಳು. ಎದ್ದು ಹೋದವಳು ಗಂಟು ಬಿಚ್ಚುವ ಸದ್ದು ತಗಡಿನಾಚೆ ಕೇಳಿಸಿತು. ಒಂದಾದ ಮೇಲೆ ಒಂದು, ನಾಲ್ಕನ್ನೂ ಬಿಚ್ಚಿದಳು. ನಾನು ಹೊಲಿಗೆ ನಿಲ್ಲಿಸಿ ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳಲಿ.

ಮರುದಿನ ಬೆಳಗಾಗುತ್ತಲೇ ಮಣ್ಣು ಕಲಸಿ ಒಲೆ ಹೂಡಿದಳು, ವಿಭೂತಿ ಹಚ್ಚಿದಳು, ಹಾಲಿಟ್ಟಳು. ವಿಜಯಶ್ರೀ ಮೊಣಕಾಲೂರಿ ಕೂತು ಪಾತ್ರೆಯನ್ನೇ ನೋಡುತ್ತಿದ್ದಳು. ಹಾಲು ಉಕ್ಕಿ ಬೆಂಕಿಗೆ ಚೆಲ್ಲಿತು. ಹುಡುಗಿ ನನ್ನ ಫೋನು ಕಸಿದುಕೊಂಡು ಅಪ್ಪನಿಗೆ ಸುದ್ದಿ ಮುಟ್ಟಿಸಿದಳು. ಸಂಜೆಯ ಬಸ್ಸಿಗೆ ಸೋಮಪ್ಪ ಬಂದ. ಯಾರೂ ಹೇಳದೆ ಮೊಳೆ, ಹಗ್ಗ ತಂದಿದ್ದ. ಕತ್ತಲಾಗುವವರೆಗೆ ಅವನ ಸುತ್ತಿಗೆಯ ಏಟಿಗೆ ನನ್ನ ಗೋಡೆ ಅದುರಿತು. ಬೇರೆ ದಿನವಾಗಿದ್ದರೆ ಜಗಳ ತೆಗೆಯುತ್ತಿದ್ದೆ. ಮರುದಿನ ಇಲ್ಲಿಂದಲೇ ಕೆಲಸಕ್ಕೆ ಹೋದ, ಇಲ್ಲಿಗೇ ಉಣ್ಣಲು ಬಂದ.

ಗುರುವಾರ ಸೋಮಪ್ಪ ಹಮಾಲಿಗೆ ಹೋಗದೆ ಮನೆಯಲ್ಲೇ ಉಳಿದ. ಶೋಭಾ ಬಂದಾಗ ನಾನು ಸಾಕ್ಷಿ ಹೇಳಲು ಸೆರಗು ಕಟ್ಟಿ ನಿಂತಿದ್ದೆ. ಹೊಸ ಒಲೆ ನೋಡಿದ ಅವಳ ಮುಖದಲ್ಲಿ ಅನುಮಾನವಿತ್ತು. ಇದನ್ನು ಈಗ ಹೂಡಿದಿರಾ ಎಂದು ಕೇಳಿದಳು. ಶಿವವ್ವ ಹೌದು ಎಂದಳು. ಕೆಲಸ ಕೆಟ್ಟಿತು ಅಂದುಕೊಂಡೆ. ಆದರೆ ಶಿವವ್ವ ಅಲ್ಲಿಗೆ ನಿಲ್ಲಲಿಲ್ಲ. ಮೂಲೆಯ ತಗಡು ಯಾವ ಮಳೆಗೆ ಎಲ್ಲಿ ಸೋರುತ್ತದೆ, ನಳದ ನೀರು ಎಷ್ಟು ಹೊತ್ತಿಗೆ ಕೆಂಪಾಗಿ ಬರುತ್ತದೆ, ಪಡುವಣ ಗಾಳಿಗೆ ಬಾಗಿಲು ಹೇಗೆ ತಾನೇ ಬಡಿದುಕೊಳ್ಳುತ್ತದೆ, ದಾಕ್ಷಾಯಿಣಿ ಅಕ್ಕನ ಮಿಷನ್ನು ಯಾವ ಹಬ್ಬದ ಮುಂದೆ ಮಲಗಗೊಡುವುದಿಲ್ಲ, ಎಲ್ಲವನ್ನೂ ಹೇಳಿದಳು. ಹದಿನಾಲ್ಕು ತಿಂಗಳು ಶೆಡ್ಡಿನ ಬಗ್ಗೆ ತುಟಿ ಬಿಚ್ಚದವಳು ಅರ್ಧ ತಾಸು ಬಿಡದೆ ತಕರಾರು ಹೇಳಿದಳು. ನನ್ನನ್ನೂ ಬಿಡಲಿಲ್ಲ, ಹಟಮಾರಿ.

ಶೋಭಾ ಕೈ ಮೇಲೆತ್ತಿದಳು. "ಸಾಕ್ರಿ ಅವ್ವಾರ. ಇಲ್ಲಿ ಇರಲಾರದವ್ರು ಇಷ್ಟ ಹೇಳಾಕ ಆಗೂದಿಲ್ಲ."

ಹಳೆಯದನ್ನು ಹೊಡೆದುಹಾಕಿ 'ವಾಸವಿದ್ದಾರೆ' ಎಂದು ಬರೆದು ಸಹಿ ಮಾಡಿದಳು. ಪಟ್ಟಿಯಲ್ಲಿ ಹೆಸರು ಉಳಿಯಿತು. ನಾನು ಕಟ್ಟಿದ ಸೆರಗು ಬಿಚ್ಚಿದೆ. ಸೋಮಪ್ಪ ಮುಖ ಒರೆಸಿಕೊಳ್ಳುವ ನೆಪದಲ್ಲಿ ಕಣ್ಣು ಒರೆಸಿಕೊಂಡ.

ಇನ್ನು ಒಂದು ಫೋಟೋ ಬೇಕು, ಮೂವರೂ ಹೊರಗೆ ಬಂದು ಶೆಡ್ಡಿನ ಮುಂದೆ ನಿಲ್ಲಿರಿ ಎಂದಳು ಶೋಭಾ. ಸೋಮಪ್ಪ ಚಪ್ಪಲಿ ಹುಡುಕತೊಡಗಿದ. ಶಿವವ್ವ ಮಗಳ ತಲೆಗೆ ಎಣ್ಣೆ ಹಚ್ಚುತ್ತ ಕೂತಲ್ಲಿಂದ ಏಳಲಿಲ್ಲ.

"ಒಳಗ ಬಂದ ತಗೀರಿ," ಎಂದಳು. "ಮನಿ ಇಟ್ಕೊಂಡ ಬಿಸಲಾಗ ಯಾಕ ನಿಂದರಬೇಕ್ರಿ?"