ಚಿತ್ರ ಬರುವ ತನಕ

ರಬಕವಿಯಲ್ಲಿ ಕರೆಂಟು ಹೋದರೆ ಓಣಿಯೆಲ್ಲ ಬೈಯುತ್ತಿತ್ತು. ನಾನೊಬ್ಬಳು ಅದು ಯಾವಾಗ ಹೋಗುತ್ತದೋ ಎಂದು ಕಾಯುತ್ತಿದ್ದೆ. ಸಾಲಿಯಲ್ಲಿ ಮಕ್ಕಳಿಗೆ ಪಾಠ ಹೇಳಿ ಬಾಡಿಗೆ ಮನೆಗೆ ಬಂದರೆ ಸುತ್ತಲೂ ಮಗ್ಗಗಳ ಸದ್ದು. ಜಮಖಂಡಿಯಲ್ಲಿ ಅಣ್ಣಂದಿರ ಮನೆ ಇತ್ತು, ನನ್ನದು ಅನ್ನುವ ಮನೆ ಎಲ್ಲೂ ಇರಲಿಲ್ಲ. ಮದುವೆಯಾಗದೆ ನಲವತ್ತು ದಾಟಿದ ಅಕ್ಕೋರ ಹತ್ತಿರ ಯಾರೂ ಸುಮ್ಮನೆ ಬಂದು ಕೂರುವುದಿಲ್ಲ, ಕೆಲಸವಿದ್ದರೆ ಬರುತ್ತಾರೆ.

ಕರೆಂಟು ಹೋಗಿ ಮಗ್ಗ ನಿಂತ ಕೂಡಲೇ ಎದುರುಮನೆಯ ನೇಕಾರರ ಹೆಂಡತಿ ನೂಲು ಸುತ್ತುವುದು ಬಿಟ್ಟು, ಸೆರಗಿಗೆ ಅಂಟಿದ ಎಳೆ ಕೊಡವುತ್ತ ನನ್ನ ಕಟ್ಟೆಗೆ ಬರುತ್ತಿದ್ದಳು.

“ಅಕ್ಕೋರ, ಡ್ಯಾಮಿಗೆ ನೀರು ಎಷ್ಟ ಬಂದಾವು ನೋಡ್ರಿ.”

ಅವಳ ತವರು ಬೀಳಗಿ ಕಡೆಯ ಹೊಳೆದಂಡೆಯ ಊರು. ಆಲಮಟ್ಟಿಯಲ್ಲಿ ನೀರು ಏರಿದಷ್ಟೂ ಹಿನ್ನೀರು ಅವರ ಹೊಲದೊಳಗೆ ನುಗ್ಗುತ್ತಿತ್ತು. ಇನ್ನಷ್ಟು ಏರಿದರೆ ಅವಳ ಅವ್ವ ಮನೆ ಖಾಲಿ ಮಾಡಬೇಕು.

ನನ್ನದು ಗುಂಡಿಗಳ ಸಣ್ಣ ಫೋನು. ಓಣಿಯ ಹೆಂಗಸರಲ್ಲಿ ಆಗ ನೆಟ್ ನೋಡುತ್ತಿದ್ದವಳು ನಾನೊಬ್ಬಳೇ. ಒಂದೊಂದು ಅಕ್ಷರಕ್ಕೆ ಎರಡು ಮೂರು ಸಲ ಒತ್ತಬೇಕು. ಕನ್ನಡ ಬರೀ ಚೌಕಗಳಾಗಿ ಕಾಣುತ್ತಿತ್ತು, ಹಾಗಾಗಿ ಇಂಗ್ಲಿಷ್ ಪುಟ ತೆರೆದು ಓದಿ ಹೇಳುತ್ತಿದ್ದೆ. ಚಿತ್ರಗಳನ್ನು ಬಂದ್ ಮಾಡಿಟ್ಟಿದ್ದರಿಂದ ಪುಟ ಬೇಗ ಬರುತ್ತಿತ್ತು. ಒಲೆಯ ಮೇಲಿನ ಚಹಾ ಕುದಿಯುವುದರೊಳಗೆ ಅವಳು ಅಂಕಿ ಕೇಳಿಕೊಂಡು ಎದ್ದುಬಿಡುತ್ತಿದ್ದಳು.

ಒಂದು ದಿನ ಚಿತ್ರಗಳನ್ನು ಚಾಲೂ ಮಾಡಿದೆ. ಬೇಕಂತಲೇ. ಡ್ಯಾಮಿನ ಫೋಟೋ ಪಟ್ಟಿ ಪಟ್ಟಿಯಾಗಿ ಕೆಳಗಿಳಿಯತೊಡಗಿತು. ಮೊದಲು ಆಕಾಶ, ಆಮೇಲೆ ಗೇಟುಗಳು. ನೀರಿನ ಮಟ್ಟದ ಅಂಕಿ ಎಲ್ಲಕ್ಕಿಂತ ಕೆಳಗೆ. ಆಮೇಲೆ ಪ್ರತಿ ಸಲವೂ ಹಾಗೇ ಮಾಡಿದೆ. ಅಂಕಿ ಬರುವಷ್ಟರಲ್ಲಿ ಇಬ್ಬರದೂ ಚಹಾ ಮುಗಿಯುತ್ತಿತ್ತು. ಅವಳು ತವರಿನ ಸುದ್ದಿ ಹೇಳುತ್ತಿದ್ದಳು, ನನ್ನ ಬಿಳಿಗೂದಲು ನೋಡಿ, “ನಮ್ಮ ನೂಲಿನ ಬಣ್ಣ ಹಚ್ಚಲೇನ್ರಿ?” ಎಂದು ನಗುತ್ತಿದ್ದಳು. ಎಷ್ಟೋ ವರ್ಷಗಳಿಂದ ನನ್ನನ್ನು ಯಾರೂ ಹಾಗೆ ಚೇಷ್ಟೆ ಮಾಡಿರಲಿಲ್ಲ. ಮಾತಿನ ನಡುವೆ ಅವಳ ಬೆರಳು ಸೆರಗಿನ ಅಂಚನ್ನು ಸುತ್ತುತ್ತಲೇ ಇರುತ್ತಿತ್ತು. ನಾನು ಕಂಡೂ ಕಾಣದ ಹಾಗೆ ಇದ್ದೆ.

ಒಮ್ಮೆ ಹೊಳೆಗೆ ಜೋರು ನೀರು ಬಂದಿತ್ತು. ಫೋಟೋ ಗೇಟಿನ ತನಕ ಇಳಿದಾಗ ಫೋನಿನ ಚಾರ್ಜು ಮುಗಿಯಿತು. ಕರೆಂಟು ಇಲ್ಲ. ಅವಳು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದಳು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಆಮೇಲೆ ಕರೆಂಟು ಎಷ್ಟು ಸಲ ಹೋದರೂ ಅವಳು ಬರಲಿಲ್ಲ. ಕೆಲವು ದಿನ ಕಳೆದು ಬಂದಾಗ ಅವಳ ಕೈಯಲ್ಲಿ ನನ್ನಂಥದೇ ಫೋನು.

“ನಮ್ಮವರು ಕೊಡಿಸ್ಯಾರ್ರಿ. ನೀರು ಇಳ್ದಾವು, ಅವ್ವ ಆರಾಮ ಅದಾಳ. ನಿಮ್ಮ ಫೋನ್ ಕೊಡ್ರಿಲ್ಲೆ. ಫೋಟೋ ಬಂದ್ ಮಾಡಿದ್ರ ಲಗೂ ಬರ್ತೈತ್ರಿ. ಪಾಪ, ನೀವೊಬ್ರ ಕುಂತು ಎಷ್ಟೊತ್ತಂತ ಕಾಯ್ತೀರಿ?”

ನೂಲು ಸುತ್ತಿ ಒರಟಾದ ಹೆಬ್ಬೆರಳಿನಿಂದ ಒತ್ತಿ ಒತ್ತಿ ತೋರಿಸಿದಳು. ಪುಟ ತಟ್ಟನೆ ಬಂತು.

“ನೋಡ್ರಿ, ಎಷ್ಟ ಲಗೂ!”

“ಹೌದವಾ, ನನಗ ಗೊತ್ತ ಇರಲಿಲ್ಲ ನೋಡು,” ಅಂದೆ.

ಅಂಕಿ ಓದಲು ಇಂಗ್ಲಿಷ್ ಬೇಕಿಲ್ಲ. ಮುಂದೆ ಕರೆಂಟು ಹೋದಾಗ ಅವಳು ತನ್ನ ಬಾಗಿಲಲ್ಲೇ ನಿಂತು ನೋಡಿಕೊಂಡು ಒಳಗೆ ಹೋಗುತ್ತಿದ್ದಳು. ಆ ಹೊಳೆದಂಡೆಯಲ್ಲಿ ನನ್ನವರು ಯಾರೂ ಇರಲಿಲ್ಲ. ಆದರೂ ದಿನಾ ನೀರಿನ ಮಟ್ಟ ನೋಡುತ್ತಿದ್ದೆ. ಅವಳು ಬಂದ್ ಮಾಡಿಕೊಟ್ಟ ಚಿತ್ರಗಳನ್ನು ಮತ್ತೆ ಚಾಲೂ ಮಾಡಲು ಮನಸ್ಸು ಬರಲಿಲ್ಲ.