ಜಡೆಯ ನೆರಳು

ವನಜಾ, ನಿನಗೆ ಕ್ಷಯ ಬಂದಿರಲೇ ಇಲ್ಲ. ಅಂದು ಎಕ್ಸ್‌ರೇ ಫಿಲ್ಮಿನಲ್ಲಿ ನಿನ್ನ ಬಲ ಶ್ವಾಸಕೋಶದ ತುದಿಗೆ ಕಂಡ ಮಬ್ಬು — ಅದು ರೋಗವಲ್ಲ, ನಿನ್ನ ಜಡೆ. ಅದನ್ನು ಅಲ್ಲಿ ಬಿಟ್ಟವಳು ನಾನು. ಮರೆತಲ್ಲ, ಬೇಕೆಂದೇ ಬಿಟ್ಟೆ.

ಇದನ್ನು ನಿನ್ನೆದುರು ಕೂತು ಬಾಯಿಬಿಟ್ಟು ಹೇಳಬೇಕಿತ್ತು. ಆದರೆ ನಿನಗೆ ಕೇಳಿಸುವುದಿಲ್ಲ, ಅದಕ್ಕೂ ಕಾರಣ ನಾನೇ. ಹಾಗಾಗಿ ಬರೆಯುತ್ತಿದ್ದೇನೆ.

ನನ್ನ ಅಕ್ಕ ರತ್ನ ನಿನ್ನ ಅಣ್ಣನ ಹೆಂಡತಿಯಾಗಿ ರಾಜಾನುಕುಂಟೆಯ ನಿಮ್ಮ ದ್ರಾಕ್ಷಿ ತೋಟದ ಮನೆಗೆ ಬಂದಾಗ ಕಲ್ಲು ತಿಂದು ಕರಗಿಸಿಕೊಳ್ಳುವ ವಯಸ್ಸು ಅವಳದು. ನಿನ್ನಪ್ಪ ಆಗಲೇ ಹಾಸಿಗೆ ಹಿಡಿದಿದ್ದರು. ಕೆಮ್ಮಿದರೆ ರಕ್ತ. ಕಟ್ಟಿಕೊಂಡ ಹೆಂಡತಿಯೇ ಆ ಕೋಣೆಯ ಹೊಸ್ತಿಲು ದಾಟುತ್ತಿರಲಿಲ್ಲ. ಉಗುಳಿದ ಬಟ್ಟಲು ತೊಳೆದವಳು ನನ್ನಕ್ಕ. ಅವರು ಸತ್ತರು, ಇವಳಿಗೆ ಕೆಮ್ಮು ಹಿಡಿಯಿತು. ನಿನ್ನವ್ವ ನಂಜಮ್ಮ ಮಾಡಿದ್ದೇನು? ಎತ್ತಿನ ಗಾಡಿಯಲ್ಲಿ ಅವಳನ್ನು ಹೆಬ್ಬಾಳಕ್ಕೆ ತಂದು ನಮ್ಮ ಅಂಗಳದಲ್ಲಿ ಇಳಿಸಿದಳು. ಅಕ್ಕ ಉಣ್ಣುತ್ತಿದ್ದ ತಟ್ಟೆಯನ್ನು ಗಾಡಿಯ ಮೇಲಿಂದಲೇ ಎಸೆದಳು.

"ಎದೆ ರೋಗದೋಳ್ನ ಇಟ್ಕಂಡು ನಾವೂ ಸಾಯ್ಬೇಕಾ? ನಿಮ್ ಮಗ್ಳು ನಿಮ್ಗೇ ಇರ್ಲಿ!"

ನಿನ್ನಣ್ಣ ನೊಗದ ಪಕ್ಕ ತಲೆ ತಗ್ಗಿಸಿ ನಿಂತಿದ್ದ. ಗಂಡಸಂತೆ, ಗಂಡಸು! ಮುಂದಿನ ಸಂಕ್ರಾಂತಿಯನ್ನು ಅಕ್ಕ ಕಾಣಲಿಲ್ಲ. ಆ ತಟ್ಟೆಯನ್ನು ಮಾತ್ರ ನಾನು ಕಣ್ಣೆದುರೇ ಇಟ್ಟುಕೊಂಡೆ — ಸಿಟ್ಟು ಆರಬಾರದಲ್ಲ.

ಆಮೇಲೆ ಯಶವಂತಪುರದ ಒಬ್ಬ ಡಾಕ್ಟರ ಹತ್ತಿರ ಆಯಾ ಕೆಲಸಕ್ಕೆ ಸೇರಿದೆ. ಅವರಲ್ಲಿ ಎಕ್ಸ್‌ರೇ ಯಂತ್ರವಿತ್ತು. ಎದೆಯ ಫೋಟೋ ತೆಗೆಸಲು ಬಂದ ಹೆಂಗಸರನ್ನು ಪರದೆಯ ಹಿಂದೆ ಕರೆದೊಯ್ದು ಸರ ಬಿಚ್ಚಿಸಿ, ದೊಗಳೆ ನಿಲುವಂಗಿ ತೊಡಿಸಿ, ಜಡೆಯನ್ನು ನೆತ್ತಿಯ ಮೇಲೆ ಎತ್ತಿ ಕಟ್ಟುವುದು ನನ್ನ ಕೆಲಸ. ಎಣ್ಣೆ ಹಚ್ಚಿದ ದಪ್ಪ ಜಡೆ ಹೆಗಲ ಮೇಲೆ ಬಿದ್ದರೆ ಫಿಲ್ಮಿನಲ್ಲಿ ಅದು ಕ್ಷಯದ ಹಾಗೇ ಕಾಣುತ್ತದೆಂದು ಡಾಕ್ಟರು ಮೊದಲ ದಿನವೇ ಹೇಳಿಕೊಟ್ಟಿದ್ದರು. ಅದೊಂದು ವಿದ್ಯೆ ನನಗೆ ಚೆನ್ನಾಗಿ ಗೊತ್ತಿತ್ತು.

ಹೀಗಿರುವಾಗ ನೀವು ಬಂದಿರಿ. ನಿನಗೆ ಮಾಕಳಿಯ ಕಡೆ ಗಂಡು ಗೊತ್ತಾಗಿತ್ತು. ನಿನ್ನಪ್ಪ ಕೆಮ್ಮಿ ಸತ್ತದ್ದು ಅವರ ಕಿವಿಗೆ ಬಿದ್ದು, ಹುಡುಗಿಯ ಎದೆಯ ಫೋಟೋ ತೋರಿಸಿದರೇ ನಿಶ್ಚಿತಾರ್ಥ ಎಂದಿದ್ದರು. ನಂಜಮ್ಮನಿಗೆ ನನ್ನ ಗುರುತೇ ಹತ್ತಲಿಲ್ಲ. "ಏ ಆಯಮ್ಮ, ನನ್ ಮಗ್ಳ ಸರ ಜ್ವಾಪಾನ ಕಣೆ" ಎಂದಳು. ಅಕ್ಕನನ್ನು ಕಸದಂತೆ ಎಸೆದುಹೋದವಳಿಗೆ ಅಂಗಳದಲ್ಲಿ ಅಳುತ್ತ ನಿಂತಿದ್ದವಳ ಮುಖ ಯಾಕೆ ನೆನಪಿರುತ್ತದೆ?

ಆದರೆ ನಿನಗೆ ನೆನಪಿತ್ತು. ಪರದೆಯ ಹಿಂದೆ, ನಾನು ನಿನ್ನ ಜಡೆಯನ್ನು ಮೇಲೆತ್ತಿ ಕಟ್ಟಿದ ಮೇಲೆ, ನೀನು ಮೆಲ್ಲಗೆ ಕೇಳಿದೆ.

"ನೀವು ರತ್ನತ್ತಿಗೆ ತಂಗಿ ಅಲ್ವಾ? ಅತ್ತಿಗೆ ನಂಗೆ ದಿನಾ ಜಡೆ ಹಾಕೋರು ಅಕ್ಕ. ಅವ್ರನ್ನ ಗಾಡೀಲಿ ಕೂರಿಸಿದ್ ದಿನ ನಾನು ಊಟಾನೇ ಮಾಡ್ಲಿಲ್ಲ."

ನನ್ನ ಸಿಟ್ಟು ಕರಗಲು ಅಷ್ಟು ಸಾಕಾಗಿತ್ತು. ಸಾಕಾಗಬೇಕಿತ್ತು. ನನ್ನ ಕಣ್ಣಲ್ಲಿ ನೀರಾಡಿತು ಕೂಡ. ಅಷ್ಟರಲ್ಲಿ ಹೊರಗಿನಿಂದ ನಿನ್ನವ್ವನ ದನಿ ಬಂತು — "ನಮ್ಮನೇಲಿ ಅಂಥ ಕಾಯ್ಲೆ ಯಾರ್ಗೂ ಇರ್ಲಿಲ್ಲ ಡಾಕ್ಟ್ರೇ. ಸೊಸೆ ಅಂತ ಒಬ್ಳು ಬಂದಿದ್ಳು ನೋಡಿ, ಅವಳೇ ತಂದಿದ್ದು. ಇಂಗಾಗೋಯ್ತು ನಮ್ ಗತಿ."

ಸತ್ತವಳ ಮೇಲೂ ಹೊರಿಸಿದಳಲ್ಲ! ನನ್ನ ಮೈಯೆಲ್ಲ ಉರಿದುಹೋಯಿತು. ಕಟ್ಟಿದ್ದ ಜಡೆ ಬಿಚ್ಚಿದೆ. ಬಲಹೆಗಲ ಮೇಲಿಂದ ಮುಂದಕ್ಕೆ ತಂದು ನಿಲುವಂಗಿಯೊಳಗೆ ಸೇರಿಸಿದೆ. ನೀನು ಏನೂ ಕೇಳಲಿಲ್ಲ — ಹೀಗೇ ಮಾಡುತ್ತಾರೆ ಅಂದುಕೊಂಡಿರಬೇಕು. ಯಂತ್ರದೆದುರು ಎದೆ ಕೊಟ್ಟು ನಿಂತೆ. "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ" ಎಂದು ಡಾಕ್ಟರು ಹಿಂದಿನಿಂದ ಕೂಗಿದಾಗ ಜಾಣ ಹುಡುಗಿಯಂತೆ ಹಿಡಿದುಕೊಂಡೆ.

ಫಿಲ್ಮನ್ನು ಬೆಳಕಿಗೆ ಹಿಡಿದು ಡಾಕ್ಟರು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಜಡೆ ಎತ್ತಿ ಕಟ್ಟಿದ್ಯೇನಮ್ಮ?"

"ಕಟ್ಟಿದ್ದೆ ಸಾರ್."

ಸುಳ್ಳೂ ಅಲ್ಲ ನೋಡು — ಕಟ್ಟಿದ್ದೆ, ಆಮೇಲೆ ಬಿಚ್ಚಿದ್ದೆ. ಅಂಥ ಬುದ್ಧಿ ಎಲ್ಲಿಂದ ಬಂತೋ. ಡಾಕ್ಟರು ನನ್ನ ಮಾತು ನಂಬಿದರು. ಕಫದಲ್ಲಿ ಏನೂ ಸಿಗಲಿಲ್ಲ. ಆದರೂ ತಂದೆ ಅದೇ ರೋಗದಲ್ಲಿ ತೀರಿಕೊಂಡಿದ್ದಾರೆ, ಕಾಯುವುದು ಬೇಡ ಎಂದು ಇಂಜೆಕ್ಷನ್ ಶುರುಮಾಡಿದರು.

ಮಾಕಳಿಯವರು ಸಂಬಂಧ ಮುರಿದರು. ಊರಿನವರು ನಿಮ್ಮ ಬಾವಿಗೆ ಬರುವುದನ್ನು ಬಿಟ್ಟರಂತೆ. ನಂಜಮ್ಮ ಹೆತ್ತ ಮಗಳಿಗೆ ಬೇರೆ ತಟ್ಟೆ ಇಟ್ಟಿದ್ದಾಳೆಂದು ಕೇಳಿದ ದಿನ ನಾನು ಹೊಟ್ಟೆ ತುಂಬ ಉಂಡೆ ವನಜಾ. ಅಕ್ಕನ ತಟ್ಟೆಯ ಮುಂದೆ ಕೂತು, 'ಕೇಳಿದೆಯಾ ಅಕ್ಕಾ' ಎಂದೆ. ಮಾಡಿದ್ದುಣ್ಣೋ ಮಹರಾಯ ಅಂತಾರಲ್ಲ, ಅವಳು ಉಣ್ಣಲಿ ಎಂದುಕೊಂಡೆ. ಆ ಬೇರೆ ತಟ್ಟೆಯಲ್ಲಿ ದಿನಾ ಉಣ್ಣುತ್ತಿದ್ದವಳು ನೀನು ಎಂಬುದು — ಹೊಳೆಯಲಿಲ್ಲ ಎಂದು ಬರೆಯಬಹುದಿತ್ತು. ಹೊಳೆದಿತ್ತು.

ಒಂದು ದಿನ ನಂಜಮ್ಮ ಒಬ್ಬಳೇ ಬಂದಳು. ಡಾಕ್ಟರ ಮೇಜು ಹಿಡಿದು ಅತ್ತಳು. "ಮಗ್ಳಿಗೆ ಕಿವಿಯೊಳಗೆ ಜೀರುಂಡೆ ಕೂಗ್ದಂಗಾಗ್ತದಂತೆ ಡಾಕ್ಟ್ರೇ. ಕರೆದ್ರೆ ಓಗೊಡಾಕಿಲ್ಲ."

ಆ ಇಂಜೆಕ್ಷನ್ನಿನಿಂದ ಕೆಲವರಿಗೆ ಹಾಗಾಗುತ್ತದೆ, ನಿಲ್ಲಿಸಿದರೆ ರೋಗ ಏರುತ್ತದೆ, ಕಿವಿಗಿಂತ ಜೀವ ದೊಡ್ಡದು ಎಂದರು ಡಾಕ್ಟರು. ನಾನು ಅಲ್ಲೇ ಇದ್ದೆ. ಒಗೆದ ನಿಲುವಂಗಿಗಳನ್ನು ಮಡಚುತ್ತಿದ್ದೆ. ಒಂದೇ ಒಂದು ಮಾತು — 'ಸಾರ್, ಅದು ಜಡೆ' — ಅಂದಿದ್ದರೆ ಅವತ್ತೇ ಇಂಜೆಕ್ಷನ್ ನಿಲ್ಲುತ್ತಿತ್ತು, ಉಳಿದಷ್ಟು ಕಿವಿ ನಿನಗೆ ಉಳಿಯುತ್ತಿತ್ತು. ನಾನು ನಿನ್ನವ್ವನ ಅಳು ನೋಡುತ್ತಿದ್ದೆ. ಇನ್ನಷ್ಟು ಅಳಲಿ ಎಂದು ನೋಡುತ್ತಿದ್ದೆ. ಮಡಚುವ ಕೆಲಸ ಮುಗಿಯಿತು, ಅವಳು ಎದ್ದು ಹೋದಳು.

ತಿಂಗಳುಗಳ ಮೇಲೆ ನಿನ್ನನ್ನು ಎರಡನೇ ಫೋಟೋಗೆ ಕರೆತಂದರು. ಈ ಸಲ ಜಡೆಯನ್ನು ಎತ್ತಿ ಕಟ್ಟಿದೆ. ನೀನು ಯಂತ್ರದ ಕಡೆ ಮುಖ ಮಾಡಿ ನಿಂತೆ. "ಉಸಿರು ಹಿಡ್ಕೊಳ್ಳಿ" ಎಂದರು ಡಾಕ್ಟರು. ನಿನ್ನ ಬೆನ್ನು ಏರಿ ಇಳಿಯುತ್ತಲೇ ಇತ್ತು. ಇನ್ನೂ ಜೋರಾಗಿ ಕೂಗಿದರು. ಗೋಡೆಯಾಚೆ ಕೂತಿದ್ದವರೆಲ್ಲ ಬೆಚ್ಚಿಬಿದ್ದರು — ನೀನು ಅಲುಗಲಿಲ್ಲ. ಕೊನೆಗೆ ನಾನು ಬಂದು ನಿನಗೆ ಕಾಣುವಂತೆ ಯಂತ್ರದ ಪಕ್ಕ ನಿಂತು, ನನ್ನ ಎದೆಯ ಮೇಲೆ ಕೈಯಿಟ್ಟು, ಉಸಿರು ಎಳೆದು ತೋರಿಸಿದೆ. ನೀನು ನನ್ನನ್ನು ನೋಡಿ ನಕ್ಕು, ಹಾಗೇ ಮಾಡಿದೆ. ನನಗೆ ಸಿಕ್ಕಿದ್ದ ಗೆಲುವೆಲ್ಲ ಅಲ್ಲೇ ಮುಗಿಯಿತು.

ಫಿಲ್ಮ್ ತಿಳಿಯಾಗಿತ್ತು. "ಔಷಧಿ ಚೆನ್ನಾಗಿ ಹಿಡಿದಿದೆ, ಗುಣ ಆಗಿದೆ" ಎಂದರು ಡಾಕ್ಟರು. ನಂಜಮ್ಮ ಅವರ ಕಾಲಿಗೆ ಬಿದ್ದಳು. ನನಗೂ ಒಂದು ಬುಟ್ಟಿ ದ್ರಾಕ್ಷಿ ಕೊಟ್ಟಳು. ತೆಗೆದುಕೊಂಡೆ.

ನಿನ್ನ ಮದುವೆ ಆಗಲೇ ಇಲ್ಲ. ಈಗ ಆರ್.ಟಿ. ನಗರದಲ್ಲಿ, ಅಣ್ಣ ಮರುಮದುವೆಯಾಗಿ ಪಡೆದ ಮಕ್ಕಳ ಜೊತೆ ಇದ್ದೀಯೆ. ನಾನು ಬಂದಾಗಲೆಲ್ಲ ಅತ್ತಿಗೆಯ ತಂಗಿ ಎಂದು ಕೈಹಿಡಿದು ಒಳಗೆ ಕರೆಯುತ್ತೀಯೆ. ಬಂದಾಗಲೆಲ್ಲ ಹೇಳಬೇಕೆಂದುಕೊಂಡು, ಉಂಡು ಹೋಗಿದ್ದೇನೆ.

ನಿನ್ನವ್ವ ಸತ್ತಾಗ ನನಗೆ ಅಳು ಬರಲಿಲ್ಲ. ಅವಳ ಮೇಲಿನ ಸಿಟ್ಟು ಇವತ್ತಿಗೂ ಹಾಗೇ ಇದೆ. ಹೋಗಿದೆ ಎಂದು ಬರೆದರೆ ಅದು ಇನ್ನೊಂದು ಸುಳ್ಳು. ಆದರೆ ಅವಳಿಗೆ ಎಸೆದ ಕಲ್ಲು ತಪ್ಪಿ ನಿನಗೆ ತಗುಲಿತು ಎಂದು ಜಾರಿಕೊಳ್ಳಲಾರೆ. ಅವಳಿಗೆ ನೋಯಬೇಕಾದರೆ ನಿನಗೇ ಹೊಡೆಯಬೇಕೆಂದು ತಿಳಿದು, ನಿನಗೇ ಗುರಿಯಿಟ್ಟೆ.

ಇದನ್ನು ಅಂಚೆಗೆ ಹಾಕುವುದಿಲ್ಲ. ನಾನೇ ತಂದು ನಿನ್ನ ಕೈಗೆ ಕೊಟ್ಟು ಎದುರಿಗೇ ನಿಂತಿರುತ್ತೇನೆ. ನೀನು ಎಂದಿನ ಹಾಗೆ "ಬನ್ನಿ ಅಕ್ಕ" ಎಂದು ನನಗೆ ತಟ್ಟೆ ಹಾಕಲು ಏಳುತ್ತೀಯೆ. ಏಳಬೇಡ ವನಜಾ. ಮೊದಲು ಇದನ್ನು ಓದು.