ಅಟ್ಟದ ಮೇಲಿನ ಬಲ್ಬು

ಇಲ್ಲದ್ದನ್ನು ಸೇರಿಸಿ ಹೇಳುವ ಅಭ್ಯಾಸ ನನಗಿಲ್ಲ. ಮೀಟರ್ ತೋರಿಸಿದ್ದನ್ನು, ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆದು ಬದುಕಿದವನು ನಾನು. ಆ ರಾತ್ರಿ ನಡೆದದ್ದನ್ನೂ ಹಾಗೆಯೇ ಬರೆಯುತ್ತಿದ್ದೇನೆ. ನಂಬುವುದು, ಬಿಡುವುದು ನಿಮಗೆ ಸೇರಿದ್ದು.

ಎಂಬತ್ತರ ದಶಕದ ಆರಂಭ. ಕಾರ್ಖಾನೆಗಳಲ್ಲಿ ಕರೆಂಟು, ಸೌದೆ ಎಲ್ಲಿ ಪೋಲಾಗುತ್ತಿದೆ ಎಂದು ಪತ್ತೆ ಹಚ್ಚಿ, ಖರ್ಚೂ ಹೊಗೆಯೂ ಕಡಿಮೆಯಾಗುವ ದಾರಿ ಹೇಳುವುದು ನನ್ನ ಕೆಲಸ. ಕಿಬ್ಬನಹಳ್ಳಿ ಹತ್ತಿರದ ಒಂದು ಕೊಬ್ಬರಿ ಎಣ್ಣೆ ಮಿಲ್ಲಿನ ಸಾಹುಕಾರರು ಕರೆಸಿದ್ದರು.

ಹಗಲೆಲ್ಲ ಒಲೆ, ಮೋಟಾರು ಪರೀಕ್ಷಿಸಿದೆ. ರಾತ್ರಿ ಮಿಲ್ಲು ನಿಂತ ಮೇಲೂ ಮೀಟರಿನ ಚಕ್ರ ಮೆಲ್ಲಗೆ ತಿರುಗುತ್ತಲೇ ಇತ್ತು. ವಾಚ್‌ಮನ್ ತಿಮ್ಮಯ್ಯನನ್ನು ಕರೆದುಕೊಂಡು ಒಂದೊಂದೇ ದೀಪ ಆರಿಸುತ್ತ ಹೊರಟೆ. ಕೊನೆಗೆ ಉಳಿದದ್ದು ಹಿಂದಿನ ಗೋಡೌನಿನ ಅಟ್ಟದ ಬಲ್ಬು. ತೆಂಗಿನಕಾಯಿ ಒಣಗಿ ಕೊಬ್ಬರಿಯಾಗಲೆಂದು ಅಟ್ಟದ ತುಂಬ ಹರಡಿದ್ದರು. ಹತ್ತಲು ಒಂದು ಬಿದಿರಿನ ಏಣಿ.

"ಇದನ್ಯಾಕಯ್ಯ ಉರಿಸ್ತೀರಿ? ಮೇಲೆ ಯಾರಿದ್ದಾರೆ?"

"ಅದೊಂದ್ ಬುಡಿ ಸ್ವಾಮಿ. ನಮ್ಮಣ್ಣ ಅವ್ನೆ. ಕಾಯಿ ನೋಡ್ತಾವ್ನೆ."

"ಈ ಹೊತ್ತಿನಲ್ಲಾ? ಸಂಬಳ ಯಾರು ಕೊಡ್ತಾರೆ?"

"ಬದುಕಿದ್ದಾಗ್ಲೇ ಸರ್ಯಾಗ್ ಕೊಡ್ಲಿಲ್ಲ..." ತಿಮ್ಮಯ್ಯ ದನಿ ತಗ್ಗಿಸಿದ. "ಹೋದ್ವರ್ಸ ಬಲ್ಬು ಸುಟ್ಟೋಗಿತ್ತು. ಕತ್ತಲಲ್ಲೇ ಇಳಿಯಕ್ಕೋಗಿ ಬಿದ್ದು ಸತ್ತ. ಈಗ ದೀಪ ಆರಿದ್ರೆ ಇನ್ನೊಂದ್ ಸಲ ಬೀಳ್ತಾನೆ ಕಣ್ರೀ..."

ನನಗೆ ನಗು ಬಂತು. ಸ್ವಿಚ್ಚು ಒತ್ತಿದೆ.

ಕತ್ತಲು... ಹೊಗೆಯ, ಒಣ ಕೊಬ್ಬರಿಯ ವಾಸನೆ. ಒಂದು ಕ್ಷಣ ಏನೂ ಇಲ್ಲ.

ಆಮೇಲೆ ಮೇಲಿನಿಂದ... ಗಡ್... ಗಡ್...

ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಗಿಟುಕು ಹೊರಳುವ ಸದ್ದು ಅದು. ಒಂದನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಂಡಂತೆ... ಇಲಿಗಳು ಹಾಗೆ ತಡೆದು ತಡೆದು ಸದ್ದು ಮಾಡುವುದಿಲ್ಲ.

ಸದ್ದು ನಿಂತಿತು. ಅಟ್ಟದ ಹಲಗೆ ಕಿರ್ ಎಂದಿತು. ಯಾರೋ ಎದ್ದು ಏಣಿಯ ಕಡೆ ಬರುತ್ತಿದ್ದರು.

"ದೀಪ ಹಾಕಿ ಸ್ವಾಮಿ! ಇಳೀತಾವ್ನೆ!"

ಸ್ವಿಚ್ಚು ಒತ್ತಿದೆ. ಮತ್ತೆ ಒತ್ತಿದೆ. ಹತ್ತಲಿಲ್ಲ... ಕಿಟಕಿಯಾಚೆ ರಸ್ತೆಯ ದೀಪಗಳೂ ಇರಲಿಲ್ಲ. ಅದೇ ಗಳಿಗೆಯಲ್ಲಿ ಕರೆಂಟು ಹೋಗಿತ್ತು!

ಟಾರ್ಚು ತೆಗೆದು ಏಣಿಯ ಮೇಲೆ ಬಿಟ್ಟೆ. ಅಲ್ಲಿ ಯಾರೂ ಇಲ್ಲ. ಆದರೆ ಮೇಲಿನ ಮೆಟ್ಟಿಲು ಭಾರಕ್ಕೆ ಬಾಗಿತು... ನೇರವಾಯಿತು. ಅದರ ಕೆಳಗಿನದು ಬಾಗಿತು.

"ಬೆಳಕು ಅಲ್ಲಾಡಿಸ್ಬ್ಯಾಡಿ, ಅವ್ನಿಗೆ ಕಾಣಾಕಿಲ್ಲ," ಎಂದು ತಿಮ್ಮಯ್ಯ ಪಿಸುಗುಟ್ಟಿದ. ಏಣಿಯತ್ತ ತಿರುಗಿ, "ನಿಧಾನ ಕಣಣ್ಣ... ಕಾಲ್ ನೋಡ್ಕಂಡು... ಇನ್ನೊಂದು..."

ಎರಡೂ ಕೈಗಳಲ್ಲಿ ಟಾರ್ಚು ಅದುಮಿ ಹಿಡಿದೆ. ಕೊನೆಯ ಮೆಟ್ಟಿಲು ಬಾಗಿ, ನೇರವಾಯಿತು. ಬೀಡಿಯ, ಬೆವರಿನ ವಾಸನೆಯೊಂದು ನನ್ನ ಭುಜ ಸವರಿಕೊಂಡು ಹೋಯಿತು. ಹಿಂದೆ, ಒಳಗೆ ಬಂದಾಗ ನಾವೇ ಚಿಲಕ ಹಾಕಿದ್ದ ಬಾಗಿಲು ತೆರೆದುಕೊಂಡಿತು.

"ಬೀಳ್ಲಿಲ್ಲ... ನಮ್ಮಣ್ಣ ಬೀಳ್ಲಿಲ್ಲ..." ತಿಮ್ಮಯ್ಯ ಕುಸಿದು ಕೂತು ಅಳುತ್ತಿದ್ದ.

ಬೆಳಗಿನವರೆಗೂ ನಾವಿಬ್ಬರೂ ಮಿಲ್ಲಿನ ಜಗಲಿಯಲ್ಲೇ ಕೂತಿದ್ದೆವು. ಬೆಳಕು ಹರಿದ ಮೇಲೆ ಅವನು ಊರಿಗೆ ಹೋಗಿಬಂದ. ನಾನು ಬಸ್ಸಿಗೆ ಕಾಯುತ್ತಿದ್ದೆ. ಬಂದವನ ಮುಖದಲ್ಲಿ ರಕ್ತವಿರಲಿಲ್ಲ.

"ಅತ್ತಿಗೆ ಮನೆಗೋಗಿದ್ದೆ ಸ್ವಾಮಿ. ಒಲೆ ಮುಂದೆ ಇಬ್ರಿಗಾಗೋವಷ್ಟು ಮುದ್ದೆ ತೊಳಸ್ತಾ ಕೂತವ್ರೆ. ಮೆಲ್ಲುಕ್ ಮಾತಾಡಪ್ಪ, ನಿಮ್ಮಣ್ಣ ಮಲಗವ್ರೆ ಅಂದ್ರು..."

"ಒಳಗೆ ಹೋಗಿ ನೋಡಿದೆಯಾ?"

"ಇಲ್ಲ." ತಿಮ್ಮಯ್ಯ ನನ್ನ ತೋಳು ಬಿಗಿಯಾಗಿ ಹಿಡಿದುಕೊಂಡ. "ಗೊರಕೆ ಕೇಳುಸ್ತಿತ್ತು."

ಬಸ್ಸು ಬಂತು, ಹತ್ತಿದೆ. ಆ ಕಡೆ ಮತ್ತೆ ಹೋಗಲಿಲ್ಲ. ಇಂದಿಗೂ ಕರೆಂಟು ಹೋದರೆ ಕತ್ತಲಲ್ಲೇ ಕೂತಿರುತ್ತೇನೆ. ಟಾರ್ಚು ಹಾಕಲು ಮನಸ್ಸಾಗುವುದಿಲ್ಲ... ಯಾರಿಗೆ ದಾರಿ ತೋರಿಸಿಬಿಡುತ್ತೇನೋ.